ಚುಕ್ಕಿಯೂ ರಂಧ್ರವೂ: ಹೂಲಿಯೊ ಗೊನ್ಸಾಲೆಸ್‌ನ ಹಸ್ತಪ್ರತಿಯಲ್ಲಿ ಓದದೆ ಉಳಿದ ಅರ್ಧ

ಸ್ಪೇನಿನ ಆಧುನಿಕ ಶಿಲ್ಪದ ಬಗ್ಗೆ ಬರೆಯುವವರೆಲ್ಲ ಹೂಲಿಯೊ ಗೊನ್ಸಾಲೆಸ್‌ನ ಹೆಸರು ಬಂದ ಕೂಡಲೇ ಒಂದು ಮಾತನ್ನು ಎತ್ತಿ ಹೇಳುತ್ತಾರೆ: ಆತ ಬಯಲಿನಲ್ಲಿ ಗೆರೆ ಎಳೆಯುವ ಕಲೆಯನ್ನು ಸಾರಿದವನು. ಕನ್ನಡದಲ್ಲಿ ಇದನ್ನು ಹೇಳುವಾಗ 'ಅವಕಾಶದಲ್ಲಿ ರೇಖಿಸುವುದು' ಎಂದು ಬರೆಯುವವರುಂಟು. ಅವಕಾಶ ಎಂದರೆ ಇಂದಿನ ಓದುಗನ ಕಿವಿಗೆ ಬೀಳುವುದು ಬೇರೆಯೇ ಅರ್ಥ. ನಾನು 'ಬಯಲು' ಎನ್ನುತ್ತೇನೆ, ಏಕೆಂದರೆ ಗೊನ್ಸಾಲೆಸ್ ಹೇಳುತ್ತಿರುವುದು ವಸ್ತುವಿನ ಸುತ್ತಲಿನ ಬರಿದು ಜಾಗದ ಬಗ್ಗೆ. ಪದದ ಈ ತಕರಾರು ಸಣ್ಣದು. ದೊಡ್ಡ ತಕರಾರು ಆ ಮಾತನ್ನು ಅದರ ನೆರೆಹೊರೆಯಿಂದ ಕಿತ್ತು ಓದುವ ರೂಢಿಯ ಬಗ್ಗೆ.

ಆ ಮಾತು ಬರುವುದು 1931–32ರಲ್ಲಿ ಗೊನ್ಸಾಲೆಸ್ ಫ್ರೆಂಚಿನಲ್ಲಿ ಬರೆದ ಒಂದು ಹಸ್ತಪ್ರತಿಯಲ್ಲಿ. ಅದರ ಶೀರ್ಷಿಕೆಯನ್ನು 'ಶಿಲ್ಪಿ ಪಿಕಾಸೊ ಮತ್ತು ಕೆಥೀಡ್ರಲ್‌ಗಳು' ಎಂದು ಕನ್ನಡಿಸಬಹುದು. ಶೀರ್ಷಿಕೆಯೇ ಹೇಳುವಂತೆ ಅದು ಪಿಕಾಸೊನನ್ನು ಕುರಿತ ಬರಹ. ಬರೆದವನು ತನ್ನ ಶಿಲ್ಪಗಳ ಸಮರ್ಥನೆಗೆಂದು ಅದನ್ನು ಬರೆದಿಲ್ಲ. 1978ರಲ್ಲಿ ಜೋಸೆಫೀನ್ ವಿದರ್ಸ್ ಅವರು ಗೊನ್ಸಾಲೆಸ್‌ನ ಕಬ್ಬಿಣದ ಶಿಲ್ಪಗಳ ಮೇಲಿನ ತಮ್ಮ ಪುಸ್ತಕದಲ್ಲಿ ಇಡೀ ಬರಹವನ್ನು ಓದುಗರ ಮುಂದಿಡುವವರೆಗೆ ಹೆಚ್ಚಿನವರಿಗೆ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ಬಿಡಿ ಸಾಲು. ಬಿಡಿ ಸಾಲಿನಲ್ಲಿ ಪಿಕಾಸೊ ಮರೆಯಾಗುತ್ತಾನೆ, ಹೇಳಿದವನಷ್ಟೇ ಉಳಿಯುತ್ತಾನೆ. ಆದ್ದರಿಂದ ಮೊದಮೊದಲು ಓದಿದವರು ಎಡವಿದ್ದನ್ನು ನಾನು ತಪ್ಪೆನ್ನುವುದಿಲ್ಲ. ವಿದರ್ಸ್ ಅವರ ಪುಸ್ತಕ ಬಂದು ದಶಕಗಳೇ ಕಳೆದ ಮೇಲೂ ಅದೇ ಬಿಡಿ ಸಾಲನ್ನು ಗೊನ್ಸಾಲೆಸ್‌ನ ಆತ್ಮಚರಿತ್ರೆ ಎಂಬಂತೆ ಪ್ರದರ್ಶನದ ಗೋಡೆಗಳ ಮೇಲೆ ಅಂಟಿಸುವುದನ್ನು ಮಾತ್ರ ಒಪ್ಪಲಾಗುವುದಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಗುಂಪಿದೆ. ಬರಹ ಪಿಕಾಸೊನ ಬಗ್ಗೆ ಇರುವುದರಿಂದ ಕಲ್ಪನೆಯೆಲ್ಲ ಪಿಕಾಸೊನದು, ಗೊನ್ಸಾಲೆಸ್ ಬೆಸುಗೆ ಹಾಕಿಕೊಟ್ಟ ಕುಶಲಿ ಅಷ್ಟೇ ಎಂದು ಇವರು ತೀರ್ಮಾನಿಸುತ್ತಾರೆ. ಮೇಲ್ನೋಟಕ್ಕೆ ಇವರ ಬಳಿ ಒಳ್ಳೆಯ ಸಾಕ್ಷ್ಯವೂ ಇದೆ. ಪಿಕಾಸೊ 1924ರ ಬೇಸಿಗೆಯಲ್ಲಿ ಜುವಾಂ-ಲೆ-ಪ್ಯಾಂ ಎಂಬಲ್ಲಿ ಚುಕ್ಕಿಗಳನ್ನು ಗೆರೆಗಳಿಂದ ಕೂಡಿಸಿದ ಹಲವು ರೇಖಾಚಿತ್ರಗಳನ್ನು ಬರೆದಿದ್ದ. ಅವು 1931ರಲ್ಲಿ ವೊಲ್ಲಾರ್ ಹೊರತಂದ ಬಾಲ್ಜಾಕ್‌ನ 'ಅಜ್ಞಾತ ಮೇರುಕೃತಿ'ಯ ಮುದ್ರಣದಲ್ಲಿ ಸೇರಿದವು. ನಮ್ಮ ಹಸ್ತಪ್ರತಿಯ ಪ್ರಸಿದ್ಧ ಸಾಲುಗಳಲ್ಲಿಯೂ ಚುಕ್ಕಿಗಳಿವೆ: ಕೆಥೀಡ್ರಲ್ಲಿನ ಶಿಖರದ ತುದಿ, ಇರುಳಿನಲ್ಲಿ ಆಸೆ ಹುಟ್ಟಿಸುವ ನಕ್ಷತ್ರಗಳು, ಅನಂತದಲ್ಲಿರುವ ಆ ಬಿಂದುಗಳೇ ಹೊಸ ಕಲೆಗೆ ಮುನ್ಸೂಚನೆ ಎಂಬ ಮಾತು. ಸಪ್ತರ್ಷಿ ಮಂಡಲದ ಏಳು ಚುಕ್ಕಿಗಳ ನಡುವೆ ಆಕಾಶದಲ್ಲಿ ಯಾವ ಗೆರೆಯೂ ಇಲ್ಲ, ಗೆರೆಯನ್ನು ಎಳೆಯುವುದು ನಮ್ಮ ಕಣ್ಣು. ಹಾಗಾದರೆ ಪಿಕಾಸೊನ ಚುಕ್ಕಿಚಿತ್ರಗಳನ್ನೇ ಗೊನ್ಸಾಲೆಸ್ ಮಾತಿಗಿಳಿಸಿದ ಎನ್ನಬಾರದೇಕೆ?

ಎನ್ನಬಾರದು, ಏಕೆಂದರೆ ಉದ್ಧರಿಸುವವರು ನಕ್ಷತ್ರಗಳ ಬಳಿಯೇ ನಿಲ್ಲುತ್ತಾರೆ. ಗೊನ್ಸಾಲೆಸ್ ಅಲ್ಲಿ ನಿಲ್ಲುವುದಿಲ್ಲ. ಮುಂದಿನ ಸಾಲುಗಳಲ್ಲಿ ಅವನು ಸಮಸ್ಯೆ ಏನೆಂದು ಬಿಡಿಸಿ ಹೇಳುತ್ತಾನೆ. ಹೊಂದಿಕೆಯುಳ್ಳ, ಸಮತೂಕದ ಕೃತಿಯೊಂದನ್ನು ಮಾಡಿಬಿಟ್ಟರೆ ಸಾಲದು. ವಸ್ತುವಿಗೂ ಬಯಲಿಗೂ ಮದುವೆ ಮಾಡಿಸಬೇಕು. ನಿಜವಾದ ಆಕಾರಗಳ ಜೊತೆ ಕಲ್ಪಿತ ಆಕಾರಗಳು ಬೆರೆಯಬೇಕು. ಆ ಕಲ್ಪಿತ ಆಕಾರಗಳನ್ನು ಪಡೆಯುವ ದಾರಿ ಎರಡು: ನೆಲೆಗೊಳಿಸಿದ ಬಿಂದುಗಳಿಂದ, ಇಲ್ಲವೇ ರಂಧ್ರ ಕೊರೆಯುವುದರಿಂದ. ಈ ಎರಡನೆಯ ದಾರಿಯ ಬಗ್ಗೆ ವಿವರಣೆಗಳಲ್ಲಿ ಮೌನವೇ ಹೆಚ್ಚು. ಇಡೀ ವಿವಾದ ತೀರಬೇಕಾದದ್ದು ಇಲ್ಲೇ ಎಂಬುದು ನನ್ನ ನಿಲುವು.

ಚುಕ್ಕಿಚಿತ್ರಗಳು ಬಿಂದುವನ್ನು ವಿವರಿಸಬಲ್ಲವು, ರಂಧ್ರವನ್ನು ವಿವರಿಸಲಾರವು. ಕಾಗದದ ಮೇಲೆ ಮಸಿಯಿಂದ ಕೆಲಸ ಮಾಡುವವನು ರಂಧ್ರ ಕೊರೆಯುವುದಿಲ್ಲ. ಅದು ತಗಡಿನವನ ಕೆಲಸ. ಗೊನ್ಸಾಲೆಸ್ ಹುಟ್ಟಿದ್ದು (1876, ಬಾರ್ಸಿಲೋನಾ) ಲೋಹದ ಕೆಲಸದ ಮನೆಯಲ್ಲಿ. ತಂದೆ ಕೊಂಕೋರ್ಡಿಯೊನ ಕಮ್ಮಟದಲ್ಲಿ ಅಣ್ಣ ಜುವಾನ್ ಜೊತೆ ಕೈ ಪಳಗಿಸಿಕೊಂಡವನು ಅವನು. ತನ್ನದೇ ಕಬ್ಬಿಣದ ಶಿಲ್ಪಗಳಿಗೆ ತೊಡಗಿದಾಗ, ಅಂದರೆ 1920ರ ದಶಕದ ಕೊನೆಯಲ್ಲಿ, ಅವನು ಮಾಡಿದ್ದು ತಗಡನ್ನು ಕತ್ತರಿಸಿ, ಮಡಿಸಿ, ಸೀಳಿದ ಮುಖಗಳನ್ನು. ಅಲ್ಲಿ ಕಣ್ಣು ಎಂದರೆ ತಗಡಿನಲ್ಲಿ ಕತ್ತರಿಸಿ ತೆಗೆದ ಜಾಗ. ಇಲ್ಲದಿರುವುದು ಇರುವುದರಷ್ಟೇ ಆಕಾರ ಕೊಡುತ್ತದೆ ಎಂಬ ಪಾಠ ಅವನಿಗೆ ಪಿಕಾಸೊನಿಂದ ಬರಬೇಕಾಗಿರಲಿಲ್ಲ.

ಇನ್ನು ಬಿಂದು. 1918ರಲ್ಲಿ ಗೊನ್ಸಾಲೆಸ್ ಬೂಲೋನ್-ಬಿಲ್ಲಾಂಕೂರಿನ ರೆನೊ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಆಕ್ಸಿಜನ್ ಮತ್ತು ಅಸೆಟಿಲಿನ್ ಅನಿಲಗಳ ಬೆಸುಗೆಯನ್ನು ಅವನು ಕಲಿತದ್ದು ಅಲ್ಲಿ. ಜೀವನಚರಿತ್ರೆಗಳೆಲ್ಲ ಇದನ್ನು ಹೇಳಿ ಮುಂದೆ ಹೋಗುತ್ತವೆ, ಅದರಿಂದ ಕೈಗೆ ಏನು ಬಂತು ಎಂದು ಕೇಳುವುದಿಲ್ಲ. ಕುಲುಮೆಯಲ್ಲಿ ಎರಡು ಸರಳುಗಳನ್ನು ಕೂಡಿಸಬೇಕಾದರೆ ಎರಡರ ತುದಿಯನ್ನೂ ಬಿಳಿಗಾವು ಬರುವವರೆಗೆ ಕಾಯಿಸಿ ಅಡಿಗಲ್ಲಿನ ಮೇಲಿಟ್ಟು ಬಡಿಯಬೇಕು. ತೆಳು ಸರಳು ಆ ಏಟಿಗೆ ಚಪ್ಪಟೆಯಾಗುತ್ತದೆ, ಕೂಡಿದ ಜಾಗ ದಪ್ಪಗಾಗುತ್ತದೆ. ರಿವಿಟ್ ಹೊಡೆಯಲು ಒಂದರ ಮೇಲೊಂದು ಹಾಸಿಕೊಳ್ಳುವ ಅಗಲ ಬೇಕು. ಅನಿಲದ ಜ್ವಾಲೆ ಮಾತ್ರ 3,000 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖವನ್ನು ಸೂಜಿಮೊನೆಯಷ್ಟು ಜಾಗಕ್ಕೆ ತರುತ್ತದೆ. ಕಬ್ಬಿಣ ಕರಗಲು 1,538 ಸಾಕು. ಎರಡು ತೆಳು ಸರಳುಗಳು ಒಂದೇ ಒಂದು ಚುಕ್ಕಿಯಲ್ಲಿ ಮುಟ್ಟಿ, ಉಳಿದ ಕಡೆ ಗಾಳಿಗೆ ಬಿಟ್ಟು ನಿಲ್ಲುವುದು ಈ ಬೆಸುಗೆಯಿಂದ ಸುಲಭವಾಯಿತು. 'ನೆಲೆಗೊಳಿಸಿದ ಬಿಂದು' ಎಂದು ಬರೆಯುವಾಗ ಬೆಸುಗೆಯವನ ಕಣ್ಣ ಮುಂದೆ ಇದ್ದದ್ದು ಬರೀ ಆಕಾಶದ ಚುಕ್ಕಿಯೆಂದು ನಾನು ನಂಬಲಾರೆ.

ಕಬ್ಬಿಣದ ಗೆರೆ ಬಾರ್ಸಿಲೋನಾಕ್ಕೆ ಹೊಸದಲ್ಲ ಎಂಬ ಆಕ್ಷೇಪ ಬರಬಹುದು. ನ್ಯಾಯವಾದ ಆಕ್ಷೇಪ. ಗೌಡಿ 1885ರಲ್ಲಿ ಗುವೆಲ್ ಎಸ್ಟೇಟಿನ ಬಾಗಿಲಿಗೆ ಮಾಡಿಸಿದ ಡ್ರ್ಯಾಗನ್ ಗೇಟಿನಲ್ಲಿ ಸುರುಳಿಗಳೂ ಬಾಗಿದ ಸರಳುಗಳೂ ಆಕಾಶಕ್ಕೆ ಎದುರಾಗಿ ಗೆರೆಗಳಾಗಿಯೇ ಕಾಣುತ್ತವೆ. ಕತಲಾನ್ ಕಮ್ಮಾರಿಕೆಯ ಆ ಬಲವಿಲ್ಲದೆ ಗೊನ್ಸಾಲೆಸ್ ಇಲ್ಲ. ಅವನನ್ನು ಪ್ಯಾರಿಸ್ಸಿನ ಕ್ಯೂಬಿಸಂನ ಅಡಿಟಿಪ್ಪಣಿ ಮಾಡುವವರು ಇದನ್ನು ಮರೆಯುತ್ತಾರೆ. ಆದರೆ ಡ್ರ್ಯಾಗನ್ ಏನೇ ಹೊರಳಾಡಿದರೂ ಅದು ಗೇಟು. ಅದಕ್ಕೆ ಚೌಕಟ್ಟಿದೆ, ತಿರುಗಣಿಯಿದೆ, ಅದನ್ನು ಹೊತ್ತು ನಿಂತ ಕಂಬವಿದೆ. ಗೆರೆಗಳು ಒಂದನ್ನೊಂದು ಹೊತ್ತುಕೊಂಡು, ಹಿಡಿಯಲು ಬೇರೇನೂ ಇಲ್ಲದೆ ನಿಲ್ಲುವುದೇ 1928ರ ನಂತರದ ಹೊಸತು.

ಆ ಹೊಸತರಲ್ಲಿ ಪಿಕಾಸೊನ ಪಾಲನ್ನು ಕಡಿಮೆ ಮಾಡಬೇಕೆಂಬ ಹಟ ನನಗಿಲ್ಲ. 1918ರಲ್ಲಿ ತೀರಿಕೊಂಡ ಕವಿ ಅಪೊಲಿನೇರ್‌ನ ಸ್ಮಾರಕಕ್ಕಾಗಿ 1928ರಲ್ಲಿ ಮಾಡಿದ ತಂತಿಯ ಮಾದರಿಗಳು ಮೇಜಿನ ಮೇಲೆ ನಿಲ್ಲುವಷ್ಟು ಸಣ್ಣವು. ಅವುಗಳ ಸಾಹಸ ಪಿಕಾಸೊನದೇ, ಅವನ್ನು ಬೆಸೆದ ಕೈ ಗೊನ್ಸಾಲೆಸ್‌ನದು. ಸ್ಮಾರಕ ಸಮಿತಿ ಅವನ್ನು ಒಪ್ಪಲಿಲ್ಲ. ಅಷ್ಟು ತೆರೆದ ಕೃತಿಗಳನ್ನು ಗೊನ್ಸಾಲೆಸ್ ಅದಕ್ಕೆ ಮುಂಚೆ ಮಾಡಿರಲಿಲ್ಲ. ಟೇಟ್ ಸಂಗ್ರಹದಲ್ಲಿರುವ 'ತಾಯ್ತನ' (1934), ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿರುವ 'ತಲೆ ಬಾಚುತ್ತಿರುವ ಹೆಂಗಸು' (1936) ಎಲ್ಲವೂ ಈ ಸಹವಾಸದ ನಂತರದವು. 1981ರಲ್ಲಿ ರೊಸಲಿಂಡ್ ಕ್ರಾಸ್ ಅವರು ಈ ಪ್ರಸಿದ್ಧ ಮಾತನ್ನೇ ತಮ್ಮ ಪ್ರಬಂಧದ ಶೀರ್ಷಿಕೆ ಮಾಡಿಕೊಂಡು ಗೊನ್ಸಾಲೆಸ್‌ನ ವಿಧಾನವನ್ನು ಪಿಕಾಸೊನ ಜೋಡಣೆಯಿಂದ ಬೇರ್ಪಡಿಸಿ ನೋಡಿದರು. ಆ ಬೇರ್ಪಡಿಕೆಗೆ ನಾನು ಋಣಿ. ಇಬ್ಬರೂ ಬೇರೆ ಎಂದ ಮಾತ್ರಕ್ಕೆ ಇಬ್ಬರ ನಡುವೆ ಕಲಿಕೆ ಒಂದೇ ದಿಕ್ಕಿಗೆ ಹರಿಯಿತು ಎಂದಾಗುವುದಿಲ್ಲ, ಅಷ್ಟೇ.

ಎದುರು ದಿಕ್ಕಿಗೂ ಹರಿಯಿತು ಎನ್ನಲು ನನಗಿರುವ ಸಾಕ್ಷ್ಯ ಪ್ಯಾರಿಸ್ಸಿನ ಪಿಕಾಸೊ ಮ್ಯೂಸಿಯಂನಲ್ಲಿದೆ: 1929–30ರ 'ಹೆಂಗಸಿನ ತಲೆ'. ಬುರುಡೆಯ ಜಾಗದಲ್ಲಿ ಇರುವುದು ಅಡುಗೆಮನೆಯಲ್ಲಿ ನೀರು ಬಸಿಯುವ ತೂತಿನ ಬೋಗುಣಿಗಳು, ಕೂದಲಿಗೆ ಸ್ಪ್ರಿಂಗುಗಳು. ಇದರ ಬಗ್ಗೆ ಬರೆದವರು ಸಿಕ್ಕ ಸಾಮಾನನ್ನು ಶಿಲ್ಪ ಮಾಡುವ ಪಿಕಾಸೊನ ಚುರುಕನ್ನು ಹೊಗಳುತ್ತಾರೆ, ಹೊಗಳಲಿ. ನನ್ನ ಗಮನ ಇರುವುದು ಬೋಗುಣಿಯ ಮೈಯಲ್ಲಿ. ಅದು ಪೂರ್ತಿ ರಂಧ್ರ. ಗೋಳಾಕಾರವೊಂದು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಒಳಗೂ ಹೊರಗೂ ಒಟ್ಟಿಗೆ ಕಾಣುತ್ತದೆ. ತಂತಿ ಮಾದರಿಗಳು ಬಿಂದುವಿನ ದಾರಿಯಾದರೆ ಇದು ರಂಧ್ರದ ದಾರಿ. ಹಸ್ತಪ್ರತಿ ಹೆಸರಿಸುವ ಎರಡೂ ಉಪಾಯಗಳು, ಅದರ ಬರವಣಿಗೆಗೆ ಮುಂಚಿನ ಮೂರು ವರ್ಷಗಳಲ್ಲಿ ಇಬ್ಬರೂ ಸೇರಿ ಮಾಡಿದ ಕೆಲಸದಲ್ಲಿ ಹೀಗೆ ಎದುರಿಗೇ ಇವೆ. ತಗಡಿನ ಮುಖಗಳಲ್ಲಿ ರಂಧ್ರವನ್ನು ಆಕಾರವಾಗಿ ಬಳಸುತ್ತಿದ್ದವನ ಕಾರ್ಯಾಗಾರದಲ್ಲೇ ಆ ಬೋಗುಣಿ ತಲೆಯಾಯಿತು ಎಂಬುದನ್ನು ಆಕಸ್ಮಿಕ ಎನ್ನುವವರು, ಅದು ಏಕೆ ಆಕಸ್ಮಿಕ ಎಂದು ತೋರಿಸಬೇಕು. ಬೋಗುಣಿಯನ್ನು ಆರಿಸಿದ್ದು ಪಿಕಾಸೊ ಅಲ್ಲ ಎಂದು ನಾನು ಹೇಳುತ್ತಿಲ್ಲ. ಆರಿಸುವ ಕಣ್ಣಿಗೆ ಆ ಹೊತ್ತಿನಲ್ಲಿ ಅಕ್ಕಪಕ್ಕ ಏನು ಕಾಣುತ್ತಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎನ್ನುತ್ತಿದ್ದೇನೆ.

ಅಮೆರಿಕದ ಶಿಲ್ಪಿ ಡೇವಿಡ್ ಸ್ಮಿತ್ 1956ರಲ್ಲಿ ಗೊನ್ಸಾಲೆಸ್‌ನನ್ನು ಬೆಸುಗೆಯ ಜ್ವಾಲೆ ಹಿಡಿದ ಮೊದಲ ಗುರು ಎಂದು ಕರೆದು ಲೇಖನ ಬರೆದ. ತಾನೂ ಕಬ್ಬಿಣ ಬೆಸೆಯುತ್ತಿದ್ದವನು ಕೊಟ್ಟ ಬಿರುದು ಅದು, ವಿದ್ವಾಂಸರ ಎಷ್ಟೋ ವಾಕ್ಯಗಳಿಗಿಂತ ತೂಕದ್ದು. ಆದರೂ ಆ ಬಿರುದು ಬಿಂದುವಿಗಷ್ಟೇ ನ್ಯಾಯ ಕೊಡುತ್ತದೆ. ರಂಧ್ರ ಮತ್ತೆ ಹೊರಗುಳಿಯುತ್ತದೆ. 1937ರ ಪ್ಯಾರಿಸ್ ಪ್ರದರ್ಶನದಲ್ಲಿ, ಸೆರ್ಟ್ ಮತ್ತು ಲಾಕಾಸಾ ಕಟ್ಟಿದ ಸ್ಪೇನಿನ ಮಂಟಪದಲ್ಲಿ ನಿಂತ 'ಮೊನ್ಸೆರಾತ್' (ಮಗುವನ್ನೆತ್ತಿಕೊಂಡು ಕುಡುಗೋಲು ಹಿಡಿದ ರೈತ ಹೆಂಗಸು) ಗೆರೆಯ ಶಿಲ್ಪವಲ್ಲ, ತಗಡಿನ ಶಿಲ್ಪ. ಅದನ್ನು ಗೊನ್ಸಾಲೆಸ್‌ನ ಹಿಂದಡಿ ಎಂದು ಓದುವುದಕ್ಕೆ ಕಾರಣವೂ ಬಿಡಿ ಸಾಲಿನ ಮೋಹವೇ. ಗೆರೆಯೊಂದೇ ಅವನ ತತ್ವ ಎಂದು ಹಿಡಿದವರಿಗೆ ತಗಡು ಕಂಡಾಗ ದ್ರೋಹವೆನಿಸುತ್ತದೆ.

ಕೊನೆಗೆ, ಹಸ್ತಪ್ರತಿಯ ಕಾಲಕ್ಕೇ ಸೇರಿದ ಒಂದು ಕೆಲಸ. ಅಪೊಲಿನೇರ್ ಸ್ಮಾರಕದ ಯೋಚನೆಯಲ್ಲೇ ಬೆಳೆದ, ಎರಡು ಮೀಟರಿಗೂ ಎತ್ತರದ ಪಿಕಾಸೊನ 'ತೋಟದಲ್ಲಿರುವ ಹೆಂಗಸು' ಕಬ್ಬಿಣದಲ್ಲಿ ಬೆಸೆದು ಬಿಳಿ ಬಣ್ಣ ಬಳಿದ ಕೃತಿ. ಅದರ ಕಂಚಿನ ಪ್ರತಿಯನ್ನು ಪಿಕಾಸೊ ಗೊನ್ಸಾಲೆಸ್‌ನಿಂದ ಮಾಡಿಸಿದ. ಅದೀಗ ಮ್ಯಾಡ್ರಿಡ್ಡಿನ ರೇನಾ ಸೋಫಿಯಾದಲ್ಲಿದೆ, ಕಾಲ 1930–32. ಅಚ್ಚು ತೆಗೆದು ಎರಕ ಹೊಯ್ದದ್ದಲ್ಲ ಅದು. ಕಂಚಿನ ತುಂಡುಗಳನ್ನು ಒಂದೊಂದಾಗಿ ರೂಪಿಸಿ, ಮೊದಲನೆಯದರಲ್ಲಿ ಎಲ್ಲೆಲ್ಲಿ ಕೂಡಿದ್ದವೋ ಅಲ್ಲಲ್ಲಿಯೇ ಮತ್ತೆ ಬೆಸೆದು ನಿಲ್ಲಿಸಿದ್ದು. ನೆಲೆಗೊಳಿಸಿದ ಬಿಂದುಗಳ ಬಗ್ಗೆ ಅವನು ಬರೆದದ್ದು, ಒಂದು ಶಿಲ್ಪದ ಬಿಂದುಗಳನ್ನೆಲ್ಲ ಎರಡನೆಯ ಸಲ ಕೂಡಿಸಿದ ಆ ವರ್ಷಗಳಲ್ಲೇ.