ಎಣ್ಣೆಯೊಳಗಿನ ಗಾಳಿ

ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಹಳೆಯ ಲಾರಿಯೊಂದು ಬಾನೆಟ್ಟು ತೆರೆದು ನಿಂತಿದ್ದರೆ, ಬಸ್ಸಿನಲ್ಲಿ ಕುಳಿತವರು ‘ಡೀಸೆಲ್ ಮುಗಿದಿರಬೇಕು’ ಎಂದುಕೊಂಡು ಸುಮ್ಮನಾಗುತ್ತಾರೆ. ಮುಗಿದದ್ದು ನಿಜವೇ ಆದರೂ, ಡಬ್ಬದಲ್ಲಿ ಎಣ್ಣೆ ತಂದು ಸುರಿದ ಮಾತ್ರಕ್ಕೆ ಆ ಲಾರಿ ಹೊರಡುವುದಿಲ್ಲ. ಬರಿದಾದ ಕೊಳವೆಗಳಲ್ಲಿ ಗಾಳಿ ಸೇರಿರುತ್ತದೆ. ಗ್ಯಾರೇಜಿನವರ ಮಾತಿನಲ್ಲಿ ಅದು ‘ಏರ್ ಹಿಡಿದ’ ಲಾರಿ.

ಗಾಳಿಗೂ ಈ ಇಂಜಿನಿಗೂ ಹಗೆತನ ಹುಟ್ಟಿನಿಂದ ಬಂದದ್ದೇನಲ್ಲ. ರುಡಾಲ್ಫ್ ಡೀಸೆಲನು 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ನಡೆಸಿ ತೋರಿಸಿದ ಇಂಜಿನಿನಲ್ಲಿ, ಎಣ್ಣೆಯನ್ನು ಸಿಲಿಂಡರಿನೊಳಕ್ಕೆ ಊದುತ್ತಿದ್ದುದೇ ಒತ್ತಿ ಹಿಡಿದ ಗಾಳಿ. ಅದಕ್ಕೆ ಬೇರೆ ಕಂಪ್ರೆಸರು ಬೇಕಾಗಿದ್ದಿತು. ಕಾರ್ಖಾನೆಗೂ ಹಡಗಿಗೂ ಇದು ಸಾಗೀತು. ಲಾರಿಯು ಅಷ್ಟು ಭಾರ ಹೊತ್ತು ತಿರುಗುವುದೆಂತು? ಬಾಷ್ ಕಂಪನಿಯು 1927ರಲ್ಲಿ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಆ ಹಂಗು ತಪ್ಪಿತು. ನಮ್ಮಲ್ಲಿ 1951ರಲ್ಲಿ ಮೈಕೋ ಸ್ಥಾಪನೆಯಾಯಿತು. 1954ರಲ್ಲಿ ಟಾಟಾದವರು ಡೈಮ್ಲರ್-ಬೆಂಝ್ ಕಂಪನಿಯೊಡನೆ ಕೂಡಿ ಜಮ್‌ಶೆಡ್‌ಪುರದಲ್ಲಿ ಡೀಸೆಲ್ ಲಾರಿಗಳನ್ನು ಕಟ್ಟತೊಡಗಿದರು.

ಗಾಳಿಯ ನೆರವು ಬೇಡವಾದೊಡನೆ ಗಾಳಿಯೇ ವಿಘ್ನವಾಯಿತು. ಫೀಡ್ ಪಂಪು ಟ್ಯಾಂಕಿನಿಂದ ಎಣ್ಣೆಯನ್ನು ಎಳೆದು, ಫಿಲ್ಟರು ದಾಟಿಸಿ, ಚದರ ಸೆಂಟಿಮೀಟರಿಗೆ ಒಂದೆರಡು ಕಿಲೋ ಒತ್ತಡದಲ್ಲಿ ಮುಂದಕ್ಕೆ ಕೊಡುತ್ತದೆ. ಇಂಜೆಕ್ಷನ್ ಪಂಪು ಅದನ್ನು 100ರಿಂದ 200 ಕಿಲೋವರೆಗೆ ಏರಿಸಿದರೆ ಮಾತ್ರ ನಾಝಲಿನ ಸೂಜಿ ಮೇಲೇಳುವುದು. ಎಣ್ಣೆ ಒತ್ತಿದರೆ ಕುಗ್ಗುವುದು ಅತ್ಯಲ್ಪ. ಗಾಳಿಯ ಗುಳ್ಳೆ ಸುಲಭವಾಗಿ ಕುಗ್ಗುತ್ತದೆ. ಪಂಪಿನ ಶಕ್ತಿಯೆಲ್ಲ ಗುಳ್ಳೆಯನ್ನು ಅದುಮುವುದರಲ್ಲೇ ತೀರಿಹೋಗಿ, ಸೂಜಿ ಅಲುಗುವುದಿಲ್ಲ. ಮತ್ತೆ ಮತ್ತೆ ಸ್ಟಾರ್ಟರು ಒತ್ತಿದರೆ ಬ್ಯಾಟರಿ ಸೋಲುವುದಷ್ಟೇ ಲಾಭ.

ಬಲ್ಲ ಡ್ರೈವರು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಮೇಲಿರುವ ಕೈಪಂಪನ್ನು ಒತ್ತುತ್ತಾನೆ. ಮೊದಲು ನೊರೆ, ಬಳಿಕ ಗುಳ್ಳೆ, ಕೊನೆಗೆ ತಿಳಿಯಾದ ಎಣ್ಣೆ. ಆಗ ಸ್ಕ್ರೂ ಬಿಗಿದು, ಇಂಜೆಕ್ಷನ್ ಪಂಪಿನಲ್ಲಿಯೂ ಹೀಗೆಯೇ ಮಾಡಬೇಕು. ಇಷ್ಟಾದರೂ ಮೊಂಡುಹಿಡಿದರೆ ನಾಝಲಿನ ಪೈಪುಗಳ ನಟ್ಟು ಸಡಿಲಿಸಿ ಇಂಜಿನನ್ನು ತಿರುಗಿಸುವುದು. ಆದರೆ ಗಾಳಿ ಮರುದಿನವೇ ಮತ್ತೆ ಸೇರಿದರೆ ಕಳ್ಳ ಬೇರೆಡೆ ಇದ್ದಾನೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಕೊಳವೆಯಲ್ಲಿ ಎಳೆತವಿರುವುದರಿಂದ, ಅಲ್ಲಿ ಬಿರುಕಿದ್ದರೆ ಎಣ್ಣೆ ಹೊರಗೆ ಸೋರದೆ ಗಾಳಿಯೇ ಒಳಗೆ ನುಗ್ಗಬಹುದು. ನೆಲದ ಮೇಲೆ ತೊಟ್ಟು ಬೀಳದ ಈ ದೋಷವನ್ನು ಹುಡುಕುವುದರಲ್ಲೇ ಮೆಕ್ಯಾನಿಕನ ನಿಜವಾದ ಪರೀಕ್ಷೆ.

ಕಾಮನ್ ರೈಲ್ ಪದ್ಧತಿಯ ಹೊಸ ಲಾರಿಗಳಿಗೂ ಟ್ಯಾಂಕು ಬರಿದಾದರೆ ಗಾಳಿ ತೆಗೆಯಬೇಕಾದೀತು. ಹಳೆಯ ಲಾರಿಯಲ್ಲಿ ಪಳಗಿದ ಕೈ ಇಲ್ಲಿಯೂ ನಾಝಲಿನ ನಟ್ಟಿನತ್ತ ಹೋಗುವುದೇ ಅಪಾಯ. ಈ ಪೈಪುಗಳಲ್ಲಿ ಒತ್ತಡ 1,000 ಕಿಲೋಗಳನ್ನೂ ಮೀರುತ್ತದೆ. ಚಿಮ್ಮಿದ ಎಣ್ಣೆ ಚರ್ಮವನ್ನು ಕೊರೆದು ಒಳಹೊಕ್ಕರೆ, ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟೇ ಗಾಯ.