ಮೇಷ್ಟ್ರ ಪೆನ್ನು, ನಮ್ಮ ಜೂನ್ 1

ನನ್ನ ಹುಟ್ಟಿದ ದಿನ ಜೂನ್ 1. ನಮ್ಮಣ್ಣಂದೂ ಜೂನ್ 1. ಕೇರಿಯಲ್ಲಿ ನನ್ನ ವಾರಿಗೆಯ ಮುಕ್ಕಾಲು ಜನಕ್ಕೆ ಅದೇ ದಿನ. ಪ್ರತಿ ವರ್ಷ ಆವತ್ತು ಫೇಸ್‌ಬುಕ್ ತೆಗೆದರೆ ಸಾಲುಸಾಲು ಬರ್ತ್‌ಡೇ! ನಮ್ಮ ಅವ್ವಂದಿರೆಲ್ಲ ಮಾತಾಡ್ಕೊಂಡು ಒಂದೇ ದಿನ ಹೆತ್ತಿದ್ದಲ್ಲ. ಅದು ಮೇಷ್ಟ್ರು ಬರೆದ ತಾರೀಕು. ಮಗುವಿನ ಬಲಗೈಯನ್ನು ತಲೆ ಮೇಲಿಂದ ಹಾಕಿಸಿ ಎಡಗಿವಿ ಮುಟ್ಟುತ್ತಾ ನೋಡೋದು, ಮುಟ್ಟಿದರೆ ವಯಸ್ಸು ಆಗಿದೆ ಅಂತ ಲೆಕ್ಕ, ಶಾಲೆ ಶುರುವಾಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಜೂನ್ 1 ಅಂತ ಬರೆಯೋದು. ನನ್ನದನ್ನು ಬರೆದವರು ನಮ್ಮ ದೊಡ್ಡಪ್ಪ. 'ಮಾದಪ್ಪನ ಜಾತ್ರೆ ಆದ ಮೇಲೆ ಹುಟ್ಟಿದ್ದು ಬಾವ' ಅಂತ ಅವ್ವ ಹೇಳಿದರೂ ಅವರು ಜೂನ್ 1 ಅಂತಲೇ ಬರೆದರು.

ಪ್ರೈಮರಿ ಮೇಷ್ಟ್ರು ಅಂದರೆ ಅಆಇಈ ಹೇಳಿಕೊಡೋರು ಅಂತ ಅಂದುಕೊಂಡಿದ್ದೀವಿ. ಆದರೆ ಅವರು ಬರೆಯೋರು ಕೂಡ. ಹೆಸರು, ತಾರೀಕು, ಜಾತಿ ಮೂರನ್ನೂ ಮೊದಲು ಕಾಗದಕ್ಕೆ ಇಳಿಸಿದ್ದು ಅವರ ಪೆನ್ನು. ಟಿ.ಸಿ., ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು ಎಲ್ಲವೂ ಆ ಒಂದು ಸಾಲಿನ ಬೆನ್ನು ಹತ್ತಿ ಬಂದವು.

ಬಾಬಾಸಾಹೇಬರ ಕಥೆಯೂ ಹೀಗೇ ಒಂದು ರಿಜಿಸ್ಟರಿನಲ್ಲಿದೆ. 1900ನೇ ಇಸವಿ ನವೆಂಬರ್ 7ರಂದು ಸಾತಾರಾದ ಸರ್ಕಾರಿ ಶಾಲೆಯಲ್ಲಿ ಅವರ ಹೆಸರು 'ಭಿವಾ ರಾಮಜಿ ಅಂಬೇಡ್ಕರ್' ಅಂತ ದಾಖಲಾಯಿತು. ಪುಸ್ತಕದಲ್ಲಿ ಹೆಸರು ಇತ್ತು, ಕ್ಲಾಸಿನಲ್ಲಿ ಮಾತ್ರ ಮನೆಯಿಂದ ತಂದ ಗೋಣಿತಾಟಿನ ಮೇಲೆ ಕೂರಬೇಕಿತ್ತು. ನೀರು ಬೇಕಂದರೆ ಜವಾನ ಬಂದು ನಲ್ಲಿ ತಿರುಗಿಸಬೇಕಿತ್ತು. ಜವಾನ ಇಲ್ಲದ ದಿನ ನೀರಿಲ್ಲ.

ಅದಕ್ಕೂ ಮುಂಚೆ 1882ರಲ್ಲಿ ಜ್ಯೋತಿಬಾ ಫುಲೆಯವರು ಹಂಟರ್ ಆಯೋಗದ ಮುಂದೆ ಹೇಳಿಕೆ ಕೊಟ್ಟಿದ್ದರು. ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಹೆಚ್ಚುಕಮ್ಮಿ ಎಲ್ಲರೂ ಬ್ರಾಹ್ಮಣರೇ, ಸಂಬಳ ಹತ್ತು ರೂಪಾಯಿ ದಾಟೋದು ಅಪರೂಪ, ಬಹಳಷ್ಟು ಜನಕ್ಕೆ ತರಬೇತಿಯೇ ಇಲ್ಲ ಅಂದರು. ಅವರು ಕೇಳಿದ್ದು ನೇಗಿಲ ಮೇಣಿ ಹಿಡಿಯೋಕೆ ನಾಚದ ಮೇಷ್ಟ್ರನ್ನು, ರೈತಾಪಿ ಮನೆಗಳಿಂದ ಬಂದು ತರಬೇತಿ ಪಡೆದವರನ್ನು. ಹನ್ನೆರಡು ರೂಪಾಯಿಗೆ ಕಡಿಮೆ ಇಲ್ಲದ ಸಂಬಳ ಕೊಡಿ ಅಂತಲೂ ಕೇಳಿದರು. ಯಾರು ಕಲಿಯಬೇಕು ಅನ್ನೋದರ ಜೊತೆಗೇ ಯಾರು ಕಲಿಸಬೇಕು ಅನ್ನೋ ಪ್ರಶ್ನೆಯನ್ನು ಅಷ್ಟು ಹಿಂದೆಯೇ ಎತ್ತಿದವರು ಅವರು.

ನಮ್ಮ ಕೇರಿಗೆ ಅದರ ಉತ್ತರ ಸಿಗೋಕೆ ಇನ್ನೂ 90 ವರ್ಷ ಹಿಡಿಯಿತು. ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷ ಟಿ.ಸಿ.ಎಚ್. ಮಾಡಿ 1973ರಲ್ಲಿ ದೊಡ್ಡಪ್ಪ ಕೆಲಸಕ್ಕೆ ಸೇರಿದರು. ಕೇರಿಗೆ ಬಂದ ಮೊದಲ ತಿಂಗಳ ಸಂಬಳ ಅದು. ಮೊದಲು ಹಾಕಿದ ಊರಲ್ಲಿ ಬಾಡಿಗೆ ಮನೆ ಕೇಳಿದರೆ 'ಮೇಷ್ಟ್ರೇ, ತಾವು ಯಾವ ಜನ?' ಅಂತ ಕೇಳೋರಂತೆ. ಹೇಳಿದ ಮೇಲೆ ಖಾಲಿ ಇದ್ದ ಮನೆಗೆ ತಕ್ಷಣ ಯಾರೋ ನೆಂಟರು ಬರೋರು! ಎರಡು ವರ್ಷ ಶಾಲೆಯ ಕೋಣೆಯಲ್ಲೇ ಮಲಗಿದರು. ಬೆಂಚುಗಳನ್ನು ಜೋಡಿಸಿದರೆ ಮಂಚ, ಬೆಳಗ್ಗೆ ಬಿಡಿಸಿದರೆ ಕ್ಲಾಸು.

ಏಕೋಪಾಧ್ಯಾಯ ಶಾಲೆ. ನಾಲ್ಕು ತರಗತಿಗೆ ಒಂದು ಕೋಣೆ, ಒಬ್ಬರೇ ಮೇಷ್ಟ್ರು. ಒಂದನೇ ಕ್ಲಾಸು ಸ್ಲೇಟಿನ ಮೇಲೆ ತಿದ್ದುತ್ತಿದ್ದರೆ ಮೂರನೇ ಕ್ಲಾಸು ಮಗ್ಗಿ ಕೂಗಬೇಕು, ಅಷ್ಟರಲ್ಲಿ ನಾಲ್ಕನೆಯವರ ಲೆಕ್ಕ ತಿದ್ದಬೇಕು. ಇದರ ಮೇಲೆ ಹಾಜರಿ, ಪಾಠ ಟಿಪ್ಪಣಿ, ಎಲೆಕ್ಷನ್ ಡ್ಯೂಟಿ, ಜನಗಣತಿ. ಜೂನ್ ಬಂತೆಂದರೆ ಮಕ್ಕಳನ್ನು ಹುಡುಕಿಕೊಂಡು ಮನೆಮನೆ ತಿರುಗೋದು. 1976ರಲ್ಲಿ ಜೀತ ನಿಷೇಧ ಕಾಯ್ದೆ ಬಂದ ಮೇಲೂ ಗೌಡರ ಹಟ್ಟಿಯಲ್ಲಿ ದನ ಕಾಯೋ ಹುಡುಗರು ಇದ್ದೇ ಇದ್ದರು. ಬಾಗಿಲಲ್ಲಿ ನಿಂತು 'ಹುಡುಗನ್ನ ಬಿಡಿ ಗೌಡ್ರೇ' ಅಂತ ಕೇಳೋದು ಯಾವ ಟ್ರೇನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ.

1981ರಲ್ಲಿ ನಮ್ಮೂರಿಗೇ ವರ್ಗವಾಯಿತು. ಬಂದ ಮೇಲೆ ಹಳೇ ದಾಖಲಾತಿ ಪುಸ್ತಕ ತೆಗೆದು ನೋಡಿದರು. ಊರಿನ ಮಕ್ಕಳು ಶಿವಲಿಂಗಪ್ಪ, ಪುಟ್ಟಸ್ವಾಮಿಗೌಡ. ಕೇರಿಯವರು ಕರಿಯ, ತಿಪ್ಪ, ಕೆಂಪಿ. ದೊಡ್ಡಪ್ಪನ ಹೆಸರೂ ಅಲ್ಲಿ ಬರೀ 'ಮಾದ'. ಅವತ್ತಿಂದ ಅವರ ಪೆನ್ನಿನಲ್ಲಿ ಕೇರಿಯ ಮಕ್ಕಳೆಲ್ಲ ಮಾದಯ್ಯ, ಕೆಂಪಮ್ಮ, ಸಿದ್ದರಾಜು ಆದರು. ಒಂದು 'ಯ್ಯ' ಸೇರಿಸೋಕೆ ಒಬ್ಬ ದಲಿತ ಮೇಷ್ಟ್ರೇ ಬರಬೇಕಾಯಿತು.

ಈಗ ನನ್ನವರಿಗೇ ಹಿಡಿಸದ ಮಾತಿಗೆ ಬರ್ತೀನಿ. ಜಾತಿ ಕಾಲಂನಲ್ಲಿ ದೊಡ್ಡಪ್ಪ ಎಲ್ಲರಿಗೂ 'ಎ.ಕೆ.' ಅಂತ ಬರೆದರು. ಆದಿ ಕರ್ನಾಟಕ. 1920ರ ದಶಕದ ಮೈಸೂರು ಸಂಸ್ಥಾನದಲ್ಲಿ ಬೈಗುಳದಂಥ ಹೆಸರುಗಳ ಬದಲು ಗೌರವಕ್ಕೆ ಅಂತ ಬಂದ ಹೆಸರದು. ನಮ್ಮ ಬೀದಿ ಹೊಲೆಯರದು, ಹಿಂದಿನ ಬೀದಿ ಮಾದಿಗರದು. ಎರಡಕ್ಕೂ 'ಎ.ಕೆ.' ಅಂತಲೇ ಬಿತ್ತು. 'ಒಳಗೊಳಗೆ ಯಾಕಪ್ಪ ಭೇದ' ಅನ್ನೋರು. ಮನಸ್ಸು ದೊಡ್ಡದೇ. ಆದರೆ ಮೊದಲು ಓದಿದ, ಮೊದಲು ಕೆಲಸ ಹಿಡಿದ ನಮ್ಮ ಬೀದಿಗೆ ಆ ಭೇದ ಕಾಣದಿದ್ದರೆ ನಷ್ಟವೇನೂ ಇರಲಿಲ್ಲ. ಹಿಂದಿನ ಬೀದಿಯವರು 'ನಮ್ಮ ಪಾಲೆಷ್ಟು' ಅಂತ ಕೇಳಿದಾಗ ತೋರಿಸೋಕೆ ಲೆಕ್ಕವೇ ಇರಲಿಲ್ಲ. ಆ ಲೆಕ್ಕ ಮರೆಸಿದ ಪೆನ್ನುಗಳಲ್ಲಿ ನಮ್ಮ ದೊಡ್ಡಪ್ಪಂದೂ ಒಂದು. ಹೀಗೆ ಬರೆದಿದ್ದಕ್ಕೆ ಮನೆಯಲ್ಲಿ ಬೈಸಿಕೊಳ್ತೀನಿ, ಇರಲಿ.

2005ರಲ್ಲಿ ಸದಾಶಿವ ಆಯೋಗ, 2012ರಲ್ಲಿ ಅದರ ವರದಿ, ಆಮೇಲೆ ವರ್ಷಗಟ್ಟಲೆ ಬೀದಿ ಹೋರಾಟ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಬಿಟ್ಟಿತು. ಲೆಕ್ಕ ಆಗೋವರೆಗೂ ಹೊಸ ನೇಮಕಾತಿ ಬೇಡ ಅಂತ ರಾಜ್ಯ ಸರ್ಕಾರ ತಡೆಹಿಡಿಯಿತು. ಆ ತಡೆಯಲ್ಲಿ ಸಿಕ್ಕಿಕೊಂಡವಳು ದೊಡ್ಡಪ್ಪನ ಮೊಮ್ಮಗಳು! ಪಿಯುಸಿ, ಎರಡು ವರ್ಷ ಡಿ.ಇಡಿ., ಆಮೇಲೆ ಟಿಇಟಿ. 150 ಅಂಕದ ಪರೀಕ್ಷೆ, ಬೇರೆಯವರಿಗೆ 90 ಬೇಕು, ನಮಗೆ ಶೇಕಡಾ 55. ಇವಳು 90 ದಾಟಿದ್ದಾಳೆ. ಅತಿಥಿ ಶಿಕ್ಷಕಿ ಅಂತ ಗೌರವಧನಕ್ಕೆ ದುಡೀತಾ ಕಾಯ್ತಿದ್ದಳು. 'ತಾತ ಸರಿಯಾಗಿ ಬರೆದಿದ್ದರೆ ನಾನು ಕಾಯಬೇಕಿರಲಿಲ್ಲ' ಅಂದಳು ಒಂದು ದಿನ. ತಮಾಷೆಗೇ ಅಂದಿದ್ದು. ದೊಡ್ಡಪ್ಪ ಆವತ್ತು ಸರಿಯಾಗಿ ಊಟ ಮಾಡಲಿಲ್ಲ.

2025ರ ಮೇ 5ರಿಂದ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ಶುರುವಾಯಿತು. ಬಿಸಿಲಲ್ಲಿ ಮನೆಮನೆ ತಿರುಗಿದವರು ಮತ್ತದೇ ಮೇಷ್ಟ್ರುಗಳು. ನಮ್ಮ ಮನೆಗೆ ಬಂದವರು ಪಕ್ಕದೂರಿನ ಟೀಚರು. ಒಳಗೆ ಬಂದು ಕೂತರು, ನೀರು ಕೇಳಿ ಕುಡಿದರು. (ಇದನ್ನೂ ಬರೆಯಬೇಕಾದ ಕಾಲದಲ್ಲೇ ಇದ್ದೀವಿ.)

'ಜಾತಿ, ಮೇಷ್ಟ್ರೇ?'

'ಎ.ಕೆ. ಅಂತ ಹಾಕ್ಕೊಳವ್ವ.'

'ಮೂಲ ಜಾತಿ ಕೇಳ್ತಿದೆ ಆ್ಯಪು.'

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ 'ಹೊಲೆಯ' ಅಂದರು, ಹಾಜರಿ ಕೂಗುವ ದನಿಯಲ್ಲೇ. ಕನ್ನಡಕ ಹಾಕ್ಕೊಂಡು, 'ಎಲ್ಲಿ ತೋರ್ಸು, ಸರಿಯಾಗಿ ಬಂತಾ' ಅಂತ ಟೀಚರ ಫೋನು ಇಸ್ಕೊಂಡು ನೋಡಿದರು. ಆಮೇಲೆ ಅವರ ಜೊತೆ ತಾವೇ ಹೊರಟರು, ಹಿಂದಿನ ಬೀದಿಗೆ. ಅಲ್ಲಿ ಒಬ್ಬೊಬ್ಬರ ಬಾಗಿಲಲ್ಲೂ ನಿಂತು, 'ಎ.ಕೆ. ಅನ್ಬೇಡ್ರಪ್ಪ, ಮಾದಿಗ ಅಂತಲೇ ಬರೆಸಿ' ಅಂತ ಹೇಳಿ ಬಂದರು.

ಆಗಸ್ಟ್‌ನಲ್ಲಿ ಆಯೋಗ ಎ.ಕೆ., ಎ.ಡಿ., ಎ.ಎ. ಅಂತಷ್ಟೇ ಬರೆಸಿದವರಿಗೆ ಬೇರೆ 1 ಪರ್ಸೆಂಟ್ ಇಡಿ ಅಂತು, ಸಂಪುಟ ಅದನ್ನು ಬಿಟ್ಟು 6-6-5 ಮಾಡಿತು. ಆ ಜಗಳ ಇನ್ನೊಂದು ಪೋಸ್ಟಿಗೆ.

ನಿಮ್ಮೂರ ಶಾಲೆಗೆ ಹೋದಾಗ ಹಳೇ ದಾಖಲಾತಿ ಪುಸ್ತಕ ಕೇಳಿ ನೋಡಿ. ನಿಮ್ಮ ಅಪ್ಪನ ಹೆಸರು ಹೇಗೆ ಬರೆದಿದೆ, ಜಾತಿ ಏನಂತಿದೆ, ಬರೆದ ಮೇಷ್ಟ್ರು ಯಾರು? ಕಾಮೆಂಟಿನಲ್ಲಿ ತಿಳಿಸಿ.

ಜೈ ಭೀಮ್.