ಅಲ್ಪಗಾತ್ರದ ಗಣಕಯಂತ್ರಗಳೂ ಶಾಖದ ಸಮಸ್ಯೆಯೂ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಅವುಗಳ ವೇಗವನ್ನೂ ಬೆಲೆಯನ್ನೂ ಕುರಿತು ವಿಸ್ತಾರವಾಗಿ ಪ್ರಸ್ತಾಪಿಸುವುದುಂಟು. ಅವುಗಳನ್ನು ಒಳಗೊಂಡ ಪೆಟ್ಟಿಗೆಯನ್ನು ಕುರಿತು ವಿಚಾರಿಸುವವರು ವಿರಳ. ಶಾಸನದ ಪಾಠವನ್ನು ಓದುವವನು ಕಲ್ಲಿನ ಆಕಾರವನ್ನೂ ಅದು ನಿಂತಿರುವ ಸ್ಥಳವನ್ನೂ ಕಡೆಗಣಿಸುವಂತಿಲ್ಲವಷ್ಟೆ. ಅಂತೆಯೇ ಗಣಕಯಂತ್ರದ ಹೊರಕವಚವೂ ಒಂದು ದಾಖಲೆಯೆಂಬುದು ನಮ್ಮ ಅಭಿಪ್ರಾಯ. ಅತ್ಯಂತ ಸಮರ್ಥವಾದ ವರ್ಕ್‌ಸ್ಟೇಷನ್ ಯಂತ್ರವನ್ನು ಚಿಕ್ಕ ಪೆಟ್ಟಿಗೆಯೊಳಗೆ ಅಡಕಮಾಡಲು ಕಳೆದ ಕೆಲವು ದಶಕಗಳಲ್ಲಿ ನಡೆದ ಪ್ರಯತ್ನಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲಾಗುವುದು. ಇವುಗಳಲ್ಲಿ ಆಪಲ್ ಸಂಸ್ಥೆಯು ೨೦೧೩ರಲ್ಲಿ ಹೊರತಂದ ಮ್ಯಾಕ್ ಪ್ರೊ ಯಂತ್ರದ ಪ್ರಸಂಗವು ಅತ್ಯಂತ ಬೋಧಪ್ರದವಾದುದು. ಅಂದಕ್ಕೆ ಮರುಳಾಗಿ ಉಪಯೋಗವನ್ನು ಮರೆತುದರಿಂದ ಅದು ಸೋತಿತೆಂಬ ಅಭಿಪ್ರಾಯ ಪ್ರಚಾರದಲ್ಲಿದೆ. ಈ ಅಭಿಪ್ರಾಯವನ್ನು ನಾವು ಒಪ್ಪುವುದಿಲ್ಲ.

ಮೊದಲು ಪಾರಿಭಾಷಿಕ ಪದದ ವಿಚಾರ. ಒಬ್ಬನೇ ವ್ಯಕ್ತಿ ಮೇಜಿನ ಬಳಿ ಕುಳಿತು ವಾಸ್ತುವಿನ್ಯಾಸ, ಚಲನಚಿತ್ರದ ಸಂಕಲನ, ವೈಜ್ಞಾನಿಕ ಲೆಕ್ಕಾಚಾರ ಮುಂತಾದ ಭಾರವಾದ ಕೆಲಸಗಳನ್ನು ಮಾಡಲು ಬಳಸುವ ಯಂತ್ರಕ್ಕೆ ವರ್ಕ್‌ಸ್ಟೇಷನ್ ಎಂದು ಹೆಸರು. ೧೯೮೦ರ ಸುಮಾರಿಗೆ ಇಂಥ ಯಂತ್ರಕ್ಕೆ ಮೂರು ಲಕ್ಷಣಗಳನ್ನು ಹೇಳುತ್ತಿದ್ದರು: ಹತ್ತು ಲಕ್ಷ ಅಕ್ಷರಗಳಷ್ಟು ಸ್ಮೃತಿ, ಹತ್ತು ಲಕ್ಷ ಬಿಂದುಗಳ ಪರದೆ, ಸೆಕೆಂಡಿಗೆ ಹತ್ತು ಲಕ್ಷ ಆದೇಶಗಳ ವೇಗ. ಇಂದು ಜೇಬಿನಲ್ಲಿರುವ ದೂರವಾಣಿಯೂ ಈ ಮಿತಿಗಳನ್ನು ಬಹುದೂರ ದಾಟಿದೆ. ಈ ಮೂರು ಲಕ್ಷಣಗಳಲ್ಲಿ ಗಾತ್ರದ ಮಾತೇ ಇಲ್ಲವೆಂಬುದು ಗಮನಾರ್ಹ.

ಹಾಗಾದರೆ ಯಂತ್ರವನ್ನು ಚಿಕ್ಕದು ಮಾಡಬೇಕೆಂಬ ಹಂಬಲ ಎಲ್ಲಿಂದ ಬಂದಿತು? ಕೇವಲ ಮೇಜಿನ ಮೇಲಿನ ಜಾಗದ ಉಳಿತಾಯದಿಂದ ಬಂದುದಲ್ಲ. ಬೆಳಕೇ ಒಂದು ಸೆಕೆಂಡಿನ ನೂರುಕೋಟಿಯ ಒಂದಂಶದಲ್ಲಿ ಸುಮಾರು ೩೦ ಸೆಂಟಿಮೀಟರ್ ಮಾತ್ರ ಚಲಿಸಬಲ್ಲದು. ತಂತಿಯಲ್ಲಿ ಹರಿಯುವ ಸಂಕೇತ ಅದಕ್ಕಿಂತಲೂ ನಿಧಾನ. ಆದಕಾರಣ ವೇಗ ಹೆಚ್ಚಿದಂತೆಲ್ಲ ತಂತಿಗಳು ಕುಗ್ಗಲೇಬೇಕು. ಸೆಯ್ಮೂರ್ ಕ್ರೇ ಎಂಬ ಅಮೆರಿಕದ ಯಂತ್ರಶಿಲ್ಪಿ ಇದನ್ನು ಚೆನ್ನಾಗಿ ಅರಿತಿದ್ದನು. ೧೯೭೬ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಶಾಲೆಯಲ್ಲಿ ಸ್ಥಾಪಿತವಾದ ಅವನ ಕ್ರೇ-೧ ಯಂತ್ರವು ಕುದುರೆಲಾಳದಂತೆ ಬಾಗಿದ್ದುದು ಅಲಂಕಾರಕ್ಕಾಗಿ ಅಲ್ಲ. ಒಳಗಿನ ಯಾವ ತಂತಿಯೂ ನಾಲ್ಕು ಅಡಿಯನ್ನು ಮೀರಬಾರದೆಂದು. ಆದರೆ ಆ ಯಂತ್ರವು ಸುಮಾರು ೧೧೫ ಕಿಲೋವ್ಯಾಟ್ ವಿದ್ಯುಚ್ಛಕ್ತಿಯನ್ನು ನುಂಗುತ್ತಿದ್ದಿತು. ಆ ಶಕ್ತಿಯೆಲ್ಲವೂ ಕಡೆಗೆ ಶಾಖವಾಗಿ ಪರಿಣಮಿಸುತ್ತಿದ್ದುದರಿಂದ ಅದನ್ನು ಫ್ರಿಯಾನ್ ದ್ರವದಿಂದ ತಣಿಸಬೇಕಾಯಿತು. ೧೯೮೫ರ ಕ್ರೇ-೨ ಯಂತ್ರದಲ್ಲಂತೂ ವಿದ್ಯುನ್ಮಂಡಲಗಳನ್ನೇ ವಿದ್ಯುತ್ತು ಹರಿಯದ ದ್ರವವೊಂದರಲ್ಲಿ ಮುಳುಗಿಸಲಾಯಿತು. ಇವು ಮೇಜಿನ ಯಂತ್ರಗಳಲ್ಲ, ನಿಜ. ಆದರೂ ಒತ್ತಾಗಿ ಜೋಡಿಸಿದರೆ ವೇಗ ಬರುತ್ತದೆ, ವೇಗದೊಡನೆ ಶಾಖವೂ ಬರುತ್ತದೆ ಎಂಬ ಸಂಬಂಧ ಇಲ್ಲಿಯೇ ಸ್ಪಷ್ಟವಾಗಿ ಕಾಣಿಸಿತು.

ಪೆಟ್ಟಿಗೆ ಕುಗ್ಗಿದಾಗ ಏನಾಗುತ್ತದೆಂಬುದನ್ನು ಇಲ್ಲಿ ವಿವರಿಸುವುದು ಉಚಿತ. ಘನಾಕೃತಿಯ ಪೆಟ್ಟಿಗೆಯೊಂದರ ಬಾಹುವನ್ನು ಅರ್ಧಕ್ಕೆ ಇಳಿಸಿದರೆ ಅದರ ಮೇಲ್ಮೈ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಒಳಗಿನ ಚಿಪ್ಪುಗಳು ಹೊರಹಾಕುವ ಶಾಖ ಮಾತ್ರ ಎಳ್ಳಷ್ಟೂ ಇಳಿಯುವುದಿಲ್ಲ. ಗಾಳಿಯನ್ನು ಹೆಚ್ಚು ವೇಗವಾಗಿ ಹಾಯಿಸಬೇಕು. ಚಿಕ್ಕ ಪೆಟ್ಟಿಗೆಯಲ್ಲಿ ಹಿಡಿಸುವುದು ಚಿಕ್ಕ ಫ್ಯಾನು; ಚಿಕ್ಕ ಫ್ಯಾನು ಅಷ್ಟೇ ಗಾಳಿಯನ್ನು ನೂಕಲು ಬಿರುಸಾಗಿ ತಿರುಗಬೇಕು, ಗದ್ದಲ ಮಾಡಬೇಕು. ೧೯೭೪ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಮತ್ತು ಅವರ ಸಹೋದ್ಯೋಗಿಗಳು ಪ್ರತಿಪಾದಿಸಿದ ನಿಯಮದಂತೆ, ಟ್ರಾನ್ಸಿಸ್ಟರುಗಳು ಚಿಕ್ಕದಾದಂತೆ ಅವು ಬಳಸುವ ಶಕ್ತಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತಿದ್ದುದರಿಂದ ಬಹುಕಾಲ ಈ ತೊಡಕು ಮರೆಯಲ್ಲಿದ್ದಿತು. ಈ ಶತಮಾನದ ಮೊದಲ ದಶಕದ ಮಧ್ಯಭಾಗದಲ್ಲಿ ಆ ಅನುಕೂಲ ಮುಗಿಯಿತು. ೨೦೦೪ರಲ್ಲಿ ಇಂಟೆಲ್ ಸಂಸ್ಥೆಯು ತೇಜಸ್ ಎಂಬ ಪ್ರೊಸೆಸರಿನ ಯೋಜನೆಯನ್ನೇ ಕೈಬಿಟ್ಟಿತು. ಅದೇ ವರ್ಷ ಆಪಲ್ ಸಂಸ್ಥೆಯು ತನ್ನ ಪವರ್ ಮ್ಯಾಕ್ ಜಿ-೫ ಯಂತ್ರದೊಳಕ್ಕೆ ದ್ರವದ ಕೊಳವೆಗಳನ್ನು ತರಬೇಕಾಯಿತು.

ಈ ಅನುಕೂಲವಿನ್ನೂ ಇದ್ದ ಕಾಲದ ಎರಡು ಯಂತ್ರಗಳನ್ನು ಇಲ್ಲಿ ಹೆಸರಿಸಬೇಕು. ಸ್ಟೀವ್ ಜಾಬ್ಸ್ ೧೯೮೮ರ ಅಕ್ಟೋಬರಿನಲ್ಲಿ ಪ್ರಕಟಿಸಿದ ನೆಕ್ಸ್ಟ್ ಯಂತ್ರವು ಒಂದಡಿ ಚೌಕದ ಕಪ್ಪು ಮೆಗ್ನೀಸಿಯಂ ಘನ. ಅದರೊಳಗೆ ಹೆಚ್ಚುವರಿ ಹಲಗೆಗಳನ್ನು ಸೇರಿಸಲು ಅವಕಾಶವಿದ್ದಿತು. ಜಿನೀವಾ ಬಳಿಯ ಸೆರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ತಮ್ಮ ಪ್ರಥಮ ವೆಬ್ ಸರ್ವರನ್ನು ನಡೆಸಿದುದು ಇಂಥದೊಂದು ಯಂತ್ರದ ಮೇಲೆ. ೨೦೦೦ದ ಜುಲೈಯಲ್ಲಿ, ಮರಳಿ ಆಪಲ್ ಸೇರಿದ್ದ ಜಾಬ್ಸ್ ಎಂಟು ಅಂಗುಲದ ಇನ್ನೊಂದು ಘನವನ್ನು ತಂದರು. ಪವರ್ ಮ್ಯಾಕ್ ಜಿ-೪ ಕ್ಯೂಬ್ ಎಂಬ ಈ ಯಂತ್ರದಲ್ಲಿ ಫ್ಯಾನೇ ಇರಲಿಲ್ಲ; ಕಾದ ಗಾಳಿ ತಾನಾಗಿ ಮೇಲೇರಿ ನೆತ್ತಿಯ ಕಿಂಡಿಗಳಿಂದ ಹೊರಹೋಗುತ್ತಿದ್ದಿತು. ವಿದ್ಯುತ್ತನ್ನು ಒದಗಿಸುವ ಭಾಗವನ್ನು ಪೆಟ್ಟಿಗೆಯಿಂದ ಹೊರಗೆ, ಮೇಜಿನ ಕೆಳಕ್ಕೆ ಸಾಗಿಸಿದ್ದರು. ಬೆಲೆ ೧,೭೯೯ ಡಾಲರು. ಅದಕ್ಕಿಂತ ಅಗ್ಗವಾದ, ವಿಸ್ತರಿಸಬಲ್ಲ ಗೋಪುರಾಕಾರದ ಯಂತ್ರ ಅದೇ ಸಂಸ್ಥೆಯ ಅಂಗಡಿಯಲ್ಲಿಯೇ ಇದ್ದುದರಿಂದ ಕೊಳ್ಳುವವರು ಅತ್ತ ತಿರುಗಿದರು. ಒಂದು ವರ್ಷದೊಳಗೆ, ೨೦೦೧ರ ಜುಲೈಯಲ್ಲಿ, ಇದರ ತಯಾರಿಕೆ ನಿಂತಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಇದನ್ನು ಸಂಗ್ರಹಕ್ಕೆ ಸೇರಿಸಿಕೊಂಡಿದೆ.

ಇನ್ನು ೨೦೧೩ರ ಮ್ಯಾಕ್ ಪ್ರೊ. ಆ ವರ್ಷದ ಜೂನಿನಲ್ಲಿ ಪ್ರದರ್ಶಿತವಾಗಿ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದ ಈ ಯಂತ್ರವು ೨೫ ಸೆಂಟಿಮೀಟರ್ ಎತ್ತರದ, ೧೭ ಸೆಂಟಿಮೀಟರಿಗೂ ತುಸು ಕಡಿಮೆ ವ್ಯಾಸದ ಕಪ್ಪು ಸ್ತಂಭ. ಹಿಂದಿನ ಮ್ಯಾಕ್ ಪ್ರೊವಿನ ಗಾತ್ರದ ಎಂಟನೆಯ ಒಂದು ಪಾಲು ಮಾತ್ರ. ಅದರ ನಡುವೆ ತ್ರಿಕೋಣಾಕಾರದ ಅಲ್ಯುಮಿನಿಯಂ ದಿಂಡೊಂದನ್ನು ನಿಲ್ಲಿಸಿ, ಒಂದು ಮುಖಕ್ಕೆ ಪ್ರೊಸೆಸರನ್ನೂ ಮಿಕ್ಕೆರಡು ಮುಖಗಳಿಗೆ ಎರಡು ಗ್ರಾಫಿಕ್ಸ್ ಚಿಪ್ಪುಗಳನ್ನೂ ಒತ್ತಿ ಕೂರಿಸಿದ್ದರು. ನೆತ್ತಿಯಲ್ಲಿದ್ದ ಒಂದೇ ದೊಡ್ಡ ಫ್ಯಾನು ತಳದಿಂದ ಗಾಳಿಯನ್ನೆಳೆದು, ದಿಂಡಿನ ಒಳರೆಕ್ಕೆಗಳ ನಡುವೆ ಹಾಯಿಸಿ, ಮೇಲಕ್ಕೆ ಚೆಲ್ಲುತ್ತಿದ್ದಿತು. ಹಿಂದಿನ ಯಂತ್ರಗಳಲ್ಲಿ ಒಂದೊಂದು ಭಾಗಕ್ಕೂ ಪ್ರತ್ಯೇಕವಾದ ತಣಿಸುವ ಏರ್ಪಾಡಿದ್ದಿತು. ಇಲ್ಲಿ ಮೂರಕ್ಕೂ ಒಂದೇ. ಒಂದು ಭಾಗ ಬಿಡುವಾಗಿದ್ದಾಗ ಅದರ ಪಾಲಿನ ತಂಪು ಇನ್ನೊಂದಕ್ಕೆ ದೊರೆಯುತ್ತಿದ್ದಿತು. ಹನ್ನೆರಡು ಕೋರುಗಳವರೆಗಿನ ಜಿಯಾನ್ ಪ್ರೊಸೆಸರನ್ನು ಇಷ್ಟು ಚಿಕ್ಕ ಸ್ತಂಭದಲ್ಲಿ ಇಷ್ಟು ನಿಶ್ಶಬ್ದವಾಗಿ ನಡೆಸಿದುದು ಸಾಮಾನ್ಯ ಸಾಧನೆಯಲ್ಲ. ಇದನ್ನು ಉಪಯೋಗವನ್ನು ಮರೆತ ವಿನ್ಯಾಸವೆನ್ನುವವರು ಅದನ್ನು ಬಿಚ್ಚಿ ನೋಡಿದವರಲ್ಲವೆಂದೇ ನಮಗೆ ತೋರುತ್ತದೆ.

ದೋಷವಿದ್ದುದು ಬೇರೆಡೆಯಲ್ಲಿ. ಆ ತ್ರಿಕೋಣವು ಒಂದು ಭವಿಷ್ಯವಾಣಿಯನ್ನು ಆಶ್ರಯಿಸಿದ್ದಿತು. ಮುಂಬರುವ ವರ್ಷಗಳಲ್ಲಿ ಭಾರವಾದ ಕೆಲಸಗಳನ್ನು ಎರಡು ಮಧ್ಯಮ ಗ್ರಾಫಿಕ್ಸ್ ಚಿಪ್ಪುಗಳು ಸಮವಾಗಿ ಹಂಚಿಕೊಳ್ಳುವುವೆಂದು ವಿನ್ಯಾಸಕಾರರು ನಂಬಿದ್ದರು. ೨೦೧೩ರಲ್ಲಿ ಹಾಗೆ ನಂಬಲು ಆಧಾರಗಳಿಲ್ಲದಿರಲಿಲ್ಲ. ಆದರೆ ತಂತ್ರಾಂಶಗಳನ್ನು ರಚಿಸುವವರು ಆ ದಾರಿಯನ್ನು ಹಿಡಿಯಲಿಲ್ಲ. ಒಂದೇ ದೊಡ್ಡ ಗ್ರಾಫಿಕ್ಸ್ ಚಿಪ್ಪು, ಅದಕ್ಕೆ ಧಾರಾಳವಾದ ವಿದ್ಯುತ್ತು ಎಂಬ ದಾರಿಯೇ ಗೆದ್ದಿತು. ಮೂರು ಸಮಾನ ಮುಖಗಳ ದಿಂಡಿನಲ್ಲಿ ಒಂದು ಮುಖಕ್ಕೆ ಮಾತ್ರ ಮಿತಿಮೀರಿದ ಶಾಖವನ್ನು ಹೇರುವಂತಿರಲಿಲ್ಲ. ಇಡೀ ಯಂತ್ರಕ್ಕೆ ದೊರೆಯುತ್ತಿದ್ದುದು ೪೫೦ ವ್ಯಾಟ್. ೨೦೨೦ರ ವೇಳೆಗೆ ಎನ್‌ವಿಡಿಯ ಸಂಸ್ಥೆಯ ಆರ್‌ಟಿಎಕ್ಸ್ ೩೦೯೦ ಎಂಬ ಒಂದೇ ಕಾರ್ಡು ೩೫೦ ವ್ಯಾಟ್ ಬೇಡುತ್ತಿದ್ದಿತು. ಸಾಧಾರಣವಾದ ದೊಡ್ಡ ಪೆಟ್ಟಿಗೆಯಾಗಿದ್ದರೆ ಹಳೆಯ ಕಾರ್ಡನ್ನು ತೆಗೆದು ಹೊಸದನ್ನು ಹಾಕಿದ್ದರೆ ಮುಗಿಯುತ್ತಿದ್ದಿತು. ಇಲ್ಲಿ ಊಹೆಯೇ ಲೋಹವಾಗಿ ಎರಕಗೊಂಡಿದ್ದುದರಿಂದ ಊಹೆಯನ್ನು ಬದಲಾಯಿಸಲು ಯಂತ್ರವನ್ನೇ ಬದಲಾಯಿಸಬೇಕಾಗಿದ್ದಿತು. ೨೦೧೭ರ ಏಪ್ರಿಲಿನಲ್ಲಿ ಸಂಸ್ಥೆಯ ಅಧಿಕಾರಿಗಳು ಕೆಲವೇ ಪತ್ರಕರ್ತರನ್ನು ಕರೆಸಿ, ಶಾಖದ ದೃಷ್ಟಿಯಿಂದ ತಾವು ತಮ್ಮನ್ನೇ ಮೂಲೆಗೆ ಸೇರಿಸಿಕೊಂಡೆವೆಂಬರ್ಥದ ಮಾತನ್ನು ಒಪ್ಪಿಕೊಂಡರು. ದೊಡ್ಡ ಸಂಸ್ಥೆಯೊಂದು ವಿನ್ಯಾಸದ ಸೋಲನ್ನು ಇಷ್ಟು ನಿಖರವಾಗಿ ಬಾಯಿಬಿಟ್ಟು ಹೇಳಿದ ನಿದರ್ಶನಗಳು ಹೆಚ್ಚಿಲ್ಲ. ೨೦೧೯ರ ಡಿಸೆಂಬರಿನಲ್ಲಿ ಬಂದ ಉತ್ತರಾಧಿಕಾರಿಯು ಮತ್ತೆ ಗೋಪುರಾಕಾರವನ್ನು ತಳೆದಿದ್ದಿತು: ೧,೪೦೦ ವ್ಯಾಟ್, ಎಂಟು ವಿಸ್ತರಣ ಕಿಂಡಿಗಳು.

ಆ ಆರು ವರ್ಷಗಳಲ್ಲಿ ಸ್ತಂಭವನ್ನು ಕೊಂಡವರ ಮೇಜುಗಳ ಸ್ಥಿತಿಯೂ ವಿಚಾರಾರ್ಹ. ಹೆಚ್ಚಿನ ಸಂಗ್ರಹಕ್ಕೆ ಒಂದು ಪೆಟ್ಟಿಗೆ, ಬೇರೆ ಕಾರ್ಡಿಗೆ ಇನ್ನೊಂದು ಪೆಟ್ಟಿಗೆ, ಇವೆಲ್ಲವನ್ನೂ ಬಂಧಿಸುವ ಥಂಡರ್‌ಬೋಲ್ಟ್ ತಂತಿಗಳು. ಮನೆಯೊಳಗಿನ ಸಾಮಾನನ್ನು ಜಗಲಿಗೆ ಹಾಕಿ ಮನೆ ವಿಶಾಲವಾಯಿತೆಂದಂತೆ!

ಇದೇ ಅವಧಿಯಲ್ಲಿ ತಮ್ಮ ಯಂತ್ರಗಳನ್ನು ತಾವೇ ಜೋಡಿಸಿಕೊಳ್ಳುವ ಹವ್ಯಾಸಿಗಳು ಬೇರೊಂದು ದಾರಿಯನ್ನು ಕಂಡುಕೊಂಡರು. ತೈವಾನಿನ ವಿಐಎ ಸಂಸ್ಥೆಯು ೨೦೦೧ರಲ್ಲಿ ರೂಪಿಸಿದ ಮಿನಿ-ಐಟಿಎಕ್ಸ್ ಮದರ್‌ಬೋರ್ಡು ೧೭ ಸೆಂಟಿಮೀಟರ್ ಚೌಕದ್ದು. ಮೂಲತಃ ಅಲ್ಪಶಕ್ತಿಯ ಯಂತ್ರಗಳಿಗಾಗಿ ಹುಟ್ಟಿದುದು. ಹವ್ಯಾಸಿಗಳು ಇದಕ್ಕೆ ಅತ್ಯಂತ ಬಿಸಿಯಾದ ಭಾಗಗಳನ್ನು ಹೂಡಲು ತೊಡಗಿದರು. ಡ್ಯಾನ್ ಎ-೪ ಎಂಬ ಪೆಟ್ಟಿಗೆಯಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಮದರ್‌ಬೋರ್ಡಿನ ಬೆನ್ನಿಗೆ ಬೆನ್ನು ತಾಗುವಂತೆ ನಿಲ್ಲಿಸಿ, ಬಾಗುವ ಪಟ್ಟಿಯಿಂದ ಎರಡನ್ನೂ ಜೋಡಿಸಿ, ಸಮಸ್ತವನ್ನೂ ೭.೨ ಲೀಟರಿನೊಳಗೆ ಹಿಡಿಸಿದರು. ೨೦೧೭ರಲ್ಲಿ ಆಸ್‌ರಾಕ್ ಸಂಸ್ಥೆಯು ೧೮ ಕೋರುಗಳ ಪ್ರೊಸೆಸರನ್ನೂ ಇದೇ ೧೭ ಸೆಂಟಿಮೀಟರ್ ಚೌಕಕ್ಕೆ ತಂದಿತು. ಸಾಮಾನ್ಯ ಸ್ಮೃತಿಪಟ್ಟಿಗಳಿಗೆ ಜಾಗವಿಲ್ಲದ್ದರಿಂದ ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿಗಳನ್ನು ಬಳಸಿತು. ಇಂಥ ಯಂತ್ರಗಳಲ್ಲಿ ಶಾಖ ಕಡಿಮೆಯೇನೂ ಅಲ್ಲ, ಗದ್ದಲವೂ ಉಂಟು. ಆದರೆ ಭಾಗಗಳ ಅಳತೆಗಳು ಸರ್ವಸಮ್ಮತವಾದುದರಿಂದ, ಊಹೆ ತಪ್ಪಿದಾಗ ತಿರುಪುಗಳನ್ನು ಸಡಿಲಿಸಿ ಒಂದು ಭಾಗವನ್ನು ಬದಲಾಯಿಸಬಹುದು. ಒಮ್ಮೆ ಕೊಂಡ ಯಂತ್ರವನ್ನು ಹತ್ತು ವರ್ಷ ದುಡಿಸುವ ಕಾಲೇಜಿನ ವಿಭಾಗಗಳಿಗೆ ಈ ವ್ಯತ್ಯಾಸ ಚಿಕ್ಕದಲ್ಲ.

ಆ ಬಳಿಕ ಪರಿಹಾರವನ್ನು ಪೆಟ್ಟಿಗೆಯಲ್ಲಿ ಹುಡುಕುವುದನ್ನು ಬಿಟ್ಟು ಚಿಪ್ಪಿನಲ್ಲಿಯೇ ಹುಡುಕಲಾಯಿತು. ೨೦೨೨ರ ಮಾರ್ಚಿಯಲ್ಲಿ ಬಂದ ಮ್ಯಾಕ್ ಸ್ಟುಡಿಯೋ ೧೯.೭ ಸೆಂಟಿಮೀಟರ್ ಚೌಕ, ೯.೫ ಸೆಂಟಿಮೀಟರ್ ಎತ್ತರ. ಅದರ ಎಂ-೧ ಅಲ್ಟ್ರಾ ಚಿಪ್ಪಿನಲ್ಲಿ ಪ್ರೊಸೆಸರೂ ಗ್ರಾಫಿಕ್ಸೂ ಒಂದಾಗಿ, ಒಂದೇ ಸ್ಮೃತಿಯನ್ನು ಹಂಚಿಕೊಂಡಿದ್ದುವು. ದತ್ತಾಂಶವು ದೂರ ಸಾಗಬೇಕಾಗಿಲ್ಲದುದರಿಂದ ಶಕ್ತಿಯ ವ್ಯಯವೂ ಇಳಿಯಿತು. ಕ್ರೇ ತಂತಿಗಳನ್ನು ಅಳೆದು ಕತ್ತರಿಸಿದುದರ ತಾತ್ಪರ್ಯವೇ ಇಲ್ಲಿಯೂ ಇದೆ. ಆದರೂ ಶಾಖ ಪೂರ್ತಿಯಾಗಿ ಹೋಗಿಲ್ಲ: ಎಂ-೧ ಮ್ಯಾಕ್ಸ್ ಚಿಪ್ಪಿನ ಮಾದರಿ ೨.೭ ಕಿಲೋಗ್ರಾಂ ತೂಗಿದರೆ, ಹೊರಗೆ ಅದರಂತೆಯೇ ಕಾಣುವ ಅಲ್ಟ್ರಾ ಮಾದರಿ ೩.೬ ಕಿಲೋಗ್ರಾಂ. ಅಲ್ಯುಮಿನಿಯಮ್ಮಿನ ಬದಲು ತಾಮ್ರದ ಶಾಖವಾಹಕವನ್ನು ಇಟ್ಟುದೇ ಇದಕ್ಕೆ ಕಾರಣ. ಇದರ ಸ್ಮೃತಿಯನ್ನಂತೂ ಕೊಂಡ ಮೇಲೆ ಹೆಚ್ಚಿಸುವಂತಿಲ್ಲ. ೨೦೨೫ರಲ್ಲಿ ಎನ್‌ವಿಡಿಯ ಸಂಸ್ಥೆಯು ಮಾರಾಟಕ್ಕೆ ತಂದ ಡಿಜಿಎಕ್ಸ್ ಸ್ಪಾರ್ಕ್ ಇನ್ನೂ ಚಿಕ್ಕದು: ೧೫ ಸೆಂಟಿಮೀಟರ್ ಚೌಕ, ಐದು ಸೆಂಟಿಮೀಟರ್ ಎತ್ತರ, ೧೨೮ ಗಿಗಾಬೈಟ್ ಸ್ಮೃತಿ. ಅದರ ಸ್ಮೃತಿಯೂ ಬೆಸೆದುದೇ. ವಿದ್ಯುತ್ತನ್ನು ಒದಗಿಸುವ ಭಾಗವು, ೨೦೦೦ದ ಕ್ಯೂಬಿನಲ್ಲಿದ್ದಂತೆಯೇ, ಪೆಟ್ಟಿಗೆಯಿಂದ ಹೊರಗಿದೆ.